ಜಾವಾ ಟ್ಯಾಂಕಿನ ಮೇಲಿನ ಅಂಟು: ಮೂರು ವಾರದ ಕೆಲಸ

ಅಪ್ಪನ ಜಾವಾ ಬೈಕ್ ಹನ್ನೊಂದು ವರ್ಷ ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಹಳೇ ಮನೆಯ ಹಿತ್ತಲಲ್ಲಿ, ತಗಡಿನ ಶೀಟಿನ ಕೆಳಗೆ ನಿಂತಿತ್ತು. 1969ರ ಗಾಡಿ, ಮರೂನ್ ಬಣ್ಣ. ಹೋದ ಬೇಸಿಗೆಯಲ್ಲಿ ಎಂಜಿನ್ ಬಿಚ್ಚಿ ಕಟ್ಟಿಸಿದ್ದಾಯಿತು, ವೈರಿಂಗ್ ಬದಲಾಯಿಸಿದ್ದಾಯಿತು. ಎರಡು ಕಿಕ್‌ಗೆ ಸ್ಟಾರ್ಟ್ ಆಗುತ್ತಿತ್ತು. ಆದರೆ ಹತ್ತಿರ ಹೋಗಿ ನೋಡಿದರೆ ಬೇಜಾರಾಗುತ್ತಿತ್ತು. ಟ್ಯಾಂಕ್ ತುಂಬಾ ಅಂಟು, ಅಂಟಿನ ತುಂಬಾ ಧೂಳು.

ಜಾವಾ ಟ್ಯಾಂಕ್ ನೋಡಿದವರಿಗೆ ಗೊತ್ತಿರುತ್ತದೆ. ಎರಡು ಪಕ್ಕದಲ್ಲಿ ಕ್ರೋಮ್, ಮೇಲೆ ಮರೂನ್, ಎರಡೂ ಸೇರುವ ಕಡೆ ಚಿನ್ನದ ಬಣ್ಣದ ಸಣ್ಣ ಗೆರೆ. ಮಂಡಿ ತಾಗುವ ಜಾಗಕ್ಕೆ ರಬ್ಬರ್ ಪ್ಯಾಡ್. ನಮ್ಮ ಗಾಡಿಯಲ್ಲಿ ಬಣ್ಣ, ಕ್ರೋಮ್, ಗೆರೆ ಮೂರೂ ಹಳೆಯವೇ ಉಳಿದಿದ್ದವು. ನನಗೆ ಟ್ಯಾಂಕ್ ಹೊಸದರಂತೆ ಕಾಣುವುದು ಬೇಕಿರಲಿಲ್ಲ. ಅಪ್ಪ ಭಾನುವಾರ ಬೆಳಿಗ್ಗೆ ಒರೆಸುತ್ತಿದ್ದ ಅದೇ ಬಣ್ಣ ಉಳಿಯಬೇಕಿತ್ತು. ಗ್ಯಾರೇಜಿನಲ್ಲಿ ಕೇಳಿದಾಗ, "ಉಜ್ಜಿ ಬಿಡೋಣ ಸಾರ್, ಹೊಸ ಪೇಂಟ್ ಹೊಡೆದು ಕ್ರೋಮ್ ಮಾಡಿಸಿ ಕೊಡ್ತೀವಿ" ಅಂದರು. ಅದನ್ನು ಯಾವಾಗ ಬೇಕಾದರೂ ಮಾಡಿಸಬಹುದು. ಉಜ್ಜಿದ ಮೇಲೆ ಹಳೇದನ್ನು ಮಾತ್ರ ಯಾರೂ ವಾಪಸ್ ತಂದುಕೊಡಲಾರರು ಅಂತ ಟ್ಯಾಂಕನ್ನು ಮನೆಯಲ್ಲೇ ಇಟ್ಟುಕೊಂಡೆ.

ದೊಡ್ಡಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇದ್ದವರು. 1961ರಲ್ಲಿ ಶುರುವಾದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಅಲ್ಲೇ ದುಡಿದರು. ಅವರನ್ನು ಕರೆದು ತೋರಿಸಿದೆ. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಏರಿಸಿ, ಹತ್ತು ನಿಮಿಷ ಬೆರಳಾಡಿಸಿದರು.

"ಅಂಟು ಯಾವುದು ಅಂತ ಆಮೇಲೆ ನೋಡೋಣ ಕಣಪ್ಪ. ಮೊದಲು ಅದರ ಕೆಳಗೆ ಏನಿದೆ ಅಂತ ಬರ್ಕೋ" ಅಂದರು.

ಹಾಗಾಗಿ ಒಂದು ಹಾಳೆಯಲ್ಲಿ ಬರೆದುಕೊಂಡೆ. ಟ್ಯಾಂಕಿನ ಮೇಲ್ಭಾಗದಲ್ಲಿ, ಬಣ್ಣದ ಮೇಲೆ, ಅಂಗೈ ಅಗಲದ ಹಳದಿ ಕೆಂಪು ಕನ್ನಡ ಬಾವುಟದ ರೇಡಿಯಂ ಸ್ಟಿಕ್ಕರ್. ಬಲಗಡೆ ಬಣ್ಣದಿಂದ ಕ್ರೋಮ್‌ವರೆಗೆ ಅಡ್ಡಡ್ಡ ನಾಲ್ಕು ಪಟ್ಟಿ ಹಳೇ ಸೆಲೋಟೇಪ್. ಪ್ರತಿ ಆಯುಧಪೂಜೆಗೆ ಹೂವಿನ ಹಾರ ನಿಲ್ಲಲಿ ಅಂತ ಅಂಟಿಸಿದ್ದು, ಯಾರೂ ತೆಗೆದಿರಲಿಲ್ಲ. ಮಂಡಿ ಪ್ಯಾಡ್ ಕೆಳಗೆ, ಕ್ರೋಮ್ ಮೇಲೆ, ಚಪ್ಪಲಿ ರಿಪೇರಿಗೆ ಬಳಸುತ್ತಾರಲ್ಲ, ಆ ಹಳದಿ ಗಮ್. ಪ್ಯಾಡ್ ಬಿದ್ದು ಹೋದಾಗ ಯಾರೋ ಬಳಿದಿದ್ದಾರೆ. ಹೆಡ್‌ಲೈಟ್ ಮೇಲೆ ಸ್ಪಂಜಿನ ಡಬಲ್ ಟೇಪಿನಲ್ಲಿ ಕೂತ ಹಿತ್ತಾಳೆ ಗಣೇಶ. ಎಂಜಿನ್ನಿನ ಅಲ್ಯುಮಿನಿಯಂ ಕವರಿನ ಮೇಲೆ ಸರ್ವಿಸ್ ತಾರೀಕು ಬರೆದ ಕಾಗದದ ಚೀಟಿ.

ಕ್ರೋಮ್ ಬಗ್ಗೆ ದೊಡ್ಡಪ್ಪ ಹೇಳಿದ್ದನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಣ್ಣಿಗೆ ಕಾಣುವ ಹೊಳಪಿನ ಬಹುಪಾಲು ಕೆಳಗಿನ ನಿಕ್ಕಲ್‌ದು. ಕ್ರೋಮ್ ಅದರ ಮೇಲಿನ ತೆಳುವಾದ ಪೊರೆ. ಅಲಂಕಾರಕ್ಕೆ ಮಾಡುವ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತ ಕಡಿಮೆ ಇರುತ್ತದೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಲೆಕ್ಕ ಹಾಕಿ ನೋಡಿ. ಕ್ರೋಮ್ ತುಂಬಾ ಗಟ್ಟಿ ಲೋಹ, ಸುಲಭಕ್ಕೆ ಗೀರು ಬೀಳುವುದಿಲ್ಲ. ಆದರೆ ಇಷ್ಟು ತೆಳ್ಳಗಿರುವ, ಅಲ್ಲಲ್ಲಿ ಆಗಲೇ ತೂತು ಬಿದ್ದಿರುವ ಹಳೇ ಪೊರೆಯನ್ನು ಪಾತ್ರೆ ತೊಳೆಯುವ ಸ್ಟೀಲ್ ನಾರಿನಲ್ಲಿ ಉಜ್ಜಿದರೆ ಆ ತೂತಿನ ಅಂಚೇ ಕಿತ್ತು ಬರುತ್ತದೆ. ಬಚ್ಚಲು ತೊಳೆಯುವ ಆಸಿಡ್ ಅಂತೂ ಹತ್ತಿರವೂ ತರಬಾರದು. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮನ್ನೇ ಕರಗಿಸುತ್ತದೆ.

ಅಲ್ಯುಮಿನಿಯಂಗೆ ಬೇರೆ ಶತ್ರು. ಬಟ್ಟೆ ಸೋಡಾ, ಖಾರವಾದ ಕ್ಲೀನಿಂಗ್ ಪುಡಿಗಳು ತಾಗಿದರೆ ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣಕ್ಕೆ ಥಿನ್ನರ್, ಅಸಿಟೋನ್ ಎರಡೂ ಯಮ. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಬಹಳ ಸಲ ಇರುವುದು ಇದೇ ಅಸಿಟೋನ್. ಬರೀ ಕ್ರೋಮ್ ಮೇಲೆ ಅದು ಏನೂ ಮಾಡುವುದಿಲ್ಲ. ಆದರೆ ನಮ್ಮ ಟ್ಯಾಂಕಿನಲ್ಲಿ ಕ್ರೋಮ್ ಪಕ್ಕದಲ್ಲೇ ಬಣ್ಣ ಇದೆಯಲ್ಲ, ಒಂದು ಹನಿ ಜಾರಿದರೆ ಮುಗಿಯಿತು. ಅದನ್ನು ಪಟ್ಟಿಯಿಂದಲೇ ಹೊಡೆದುಹಾಕಿದೆ.

ಮೊದಲ ಭಾನುವಾರ ಟ್ಯಾಂಕ್ ಇಳಿಸಿದೆವು. ಪೆಟ್ರೋಲ್ ಪೂರ್ತಿ ಬಸಿದು ಡಬ್ಬಕ್ಕೆ ತುಂಬಿ ಮನೆಯಿಂದ ದೂರ ಇಟ್ಟೆ. ನನ್ನ ತಲೆಯಲ್ಲಿ ಇದ್ದದ್ದು ಹೇರ್ ಡ್ರೈಯರ್. ಅಂಟನ್ನು ಬಿಸಿ ಮಾಡಿ ಬಿಡಿಸುವುದು ಎಲ್ಲರಿಗೂ ಗೊತ್ತಿರುವ ದಾರಿ ತಾನೇ? ಡ್ರೈಯರ್ ಹಿಡಿದು ಬಂದವನನ್ನು ದೊಡ್ಡಪ್ಪ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ತುಂಬಿದ ಟ್ಯಾಂಕ್‌ಗಿಂತ ಖಾಲಿ ಟ್ಯಾಂಕೇ ಜಾಸ್ತಿ ಅಪಾಯ ಕಣೋ. ಒಳಗೆ ಈಗ ಬರೀ ಆವಿ ಇದೆ. ಡ್ರೈಯರ್ ಒಳಗೆ ಕೆಂಪಗೆ ಕಾದಿರೋ ತಂತಿ ಇದೆ."

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಟ್ಯಾಂಕಿನ ಒಳಗೂ ನೆಲದ ಮೇಲೂ ಹಾಗೇ ಕೂತಿರುತ್ತದೆ. ಟ್ಯಾಂಕಿಗೆ ಸೋಪಿನ ನೀರು ಹಾಕಿ ಕುಲುಕಿ ಚೆಲ್ಲುವುದನ್ನು ಐದು ಸಲ ಮಾಡಿದೆ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೇ ಆಯಿಲ್ ಬೆರೆಸಿರುತ್ತೇವೆ, ಹಾಗಾಗಿ ಒಳಗೆ ಜಿಡ್ಡು ಇತ್ತು. ಮುಚ್ಚಳ ತೆಗೆದು ಎರಡು ದಿನ ಗಾಳಿಗೆ ಬಿಟ್ಟೆ. ಅಷ್ಟಾದರೂ ಡ್ರೈಯರ್ ಬಳಸುವ ಮನಸ್ಸಾಗಲಿಲ್ಲ. ಬಿಸಿಲಿಗೆ ಇಡೋಣ ಅಂದರೆ ಸೆಪ್ಟೆಂಬರ್ ತಿಂಗಳು, ದಿನಾ ಮೋಡ, ಮಧ್ಯಾಹ್ನ ಮೂರಕ್ಕೆ ಮಳೆ.

ಉಪಾಯ ಹೊಳೆದದ್ದು ಬಚ್ಚಲುಮನೆಯಲ್ಲಿ. ನಮ್ಮ ಹಳೇ ಮನೆಯಲ್ಲಿ ಇನ್ನೂ ತಾಮ್ರದ ಹಂಡೆ ಇದೆ, ಸೌದೆ ಹಾಕಿ ಕಾಯಿಸುತ್ತೇವೆ. ಹೊರಗಿನಿಂದ ಬಿಸಿ ಮಾಡುವ ಬದಲು ಒಳಗಿನಿಂದಲೇ ಮಾಡಿದರೆ? ಟ್ಯಾಂಕಿನ ಒಳಗೆ ಬಿಸಿನೀರು ತುಂಬಿದರೆ ತಗಡು ಸಮವಾಗಿ ಕಾಯುತ್ತದೆ, ಅಂಟು ತಗಡಿಗೆ ತಾಗಿರುವ ಕಡೆಯಿಂದಲೇ ಮೆತ್ತಗಾಗುತ್ತದೆ, ಬೆಂಕಿಯ ಭಯವೂ ಇಲ್ಲ. ಪೆಟ್ರೋಲ್ ಕಾಕ್ ಬಿಚ್ಚಿ ಆ ತೂತಿಗೆ ಕಾರ್ಕ್ ಬಡಿದೆ. ಹಿತ್ತಲ ಕಲ್ಲಿನ ಮೇಲೆ ಹಳೇ ಕಂಬಳಿ ಹಾಸಿ ಟ್ಯಾಂಕ್ ಕೂರಿಸಿ, ಹಂಡೆಯಿಂದ ನೀರು ತಂದು ತುಂಬಿದೆ. ಕುದಿಯುವ ನೀರಲ್ಲ. ಬೆರಳು ಅದ್ದಿ ಎರಡು ಸೆಕೆಂಡ್ ತಡೆದುಕೊಳ್ಳುವಷ್ಟು, ಸುಮಾರು 60 ಡಿಗ್ರಿ ಇರಬಹುದು. ಹಳೇ ಬಣ್ಣಕ್ಕೆ ಒಮ್ಮೆಲೇ ಜಾಸ್ತಿ ಬಿಸಿ ತಾಗಿದರೆ ಬಿರುಕು ಬಿಡುತ್ತದೆ, ಕೆಳಗೆ ಎಲ್ಲಾದರೂ ತಗ್ಗು ತುಂಬಲು ಪುಟ್ಟಿ ಮೆತ್ತಿದ್ದರೆ ಅದು ಎದ್ದು ಬರುತ್ತದೆ.

ಐದು ನಿಮಿಷ ಬಿಟ್ಟು ಬಾವುಟದ ಸ್ಟಿಕ್ಕರಿನ ಮೂಲೆಯನ್ನು ಉಗುರಿನಲ್ಲಿ ಎಬ್ಬಿಸಿದೆ. ಬಂತು. ಹಿಂದಿನ ದಿನ ತಣ್ಣಗಿದ್ದಾಗ ಅದೇ ಮೂಲೆ ಚೂರು ಚೂರಾಗಿ ಮುರಿದಿತ್ತು.

ಸ್ಟಿಕ್ಕರ್ ಎಳೆಯುವುದರಲ್ಲೂ ಒಂದು ಹದ ಇದೆ. ಮೇಲಕ್ಕೆ ಎತ್ತಿ ಎಳೆಯಬಾರದು. ಎದ್ದ ತುದಿಯನ್ನು ಹಿಂದಕ್ಕೆ ಮಡಚಿ, ಟ್ಯಾಂಕಿಗೆ ಹೆಚ್ಚುಕಡಿಮೆ ಒರಗಿಸಿಕೊಂಡು, ನಿಧಾನಕ್ಕೆ ಎಳೆಯಬೇಕು. ಎಳೆಯುವಾಗ ಮಡಿಕೆಯ ಒಳಗೆ ಕಣ್ಣಿಡಬೇಕು. ಅಂಟು ಸ್ಟಿಕ್ಕರಿನ ಜೊತೆಗೇ ನುಣ್ಣಗೆ ಎದ್ದು ಬರುತ್ತಿದ್ದರೆ ಬಿಸಿ ಸರಿಯಾಗಿದೆ. ಹಲಸಿನ ಹಣ್ಣಿನ ಅಂಟಿನಂತೆ ನೂಲು ನೂಲಾಗಿ ಎಳೆದುಕೊಂಡರೆ ಬಿಸಿ ಜಾಸ್ತಿಯಾಗಿದೆ, ಅರ್ಧ ಅಂಟು ತಗಡಿನಲ್ಲೇ ಉಳಿಯುತ್ತದೆ, ಸ್ವಲ್ಪ ಆರಲು ಬಿಡಬೇಕು. ಸ್ಟಿಕ್ಕರ್ ಪಟಪಟ ಮುರಿದರೆ ಬಿಸಿ ಸಾಲದು. ನನಗೆ ಮೊದಲ ಅರ್ಧ ಚೆನ್ನಾಗಿ ಬಂತು. ನೀರು ಆರುತ್ತಾ ಬಂದ ಹಾಗೆ ಬಿಗಿಯಾಯಿತು. ಬಲವಂತ ಮಾಡದೆ ನೀರು ಬದಲಾಯಿಸಿದೆ. ಮೂರು ಸಲ ನೀರು ಬದಲಾಯಿಸಿ, ನಲವತ್ತು ನಿಮಿಷದಲ್ಲಿ ಇಡೀ ಬಾವುಟ ಒಂದೇ ತುಂಡಾಗಿ ಕೈಗೆ ಬಂತು. ಕೆಳಗೆ ಉಳಿದದ್ದು ಅಂಚಿನ ಸುತ್ತ ಕಪ್ಪಗೆ ಧೂಳು ಹಿಡಿದ ಒಂದು ಗೆರೆ ಅಂಟು, ಅಷ್ಟೇ.

ಕೆಲಸ ಮುಗಿದ ತಕ್ಷಣ ನೀರು ಚೆಲ್ಲಿದೆ. ಒಳಗೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ತಗಡು ಬಿಸಿಯಾಗಿ ಇದ್ದಾಗಲೇ ಬೋರಲು ಹಾಕಿದರೆ ಬೇಗ ಒಣಗುತ್ತದೆ. ಪೂರ್ತಿ ಆರಿದ ಮೇಲೆ ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲನ್ನೇ ಸ್ವಲ್ಪ ಸುರಿದು, ಟ್ಯಾಂಕನ್ನು ನಾಲ್ಕೂ ಕಡೆ ತಿರುಗಿಸಿ ಒಳಗೆಲ್ಲ ಹರಡಿದೆ. ಮುಂದೆ ಬಿಸಿನೀರು ತುಂಬಿದ ಪ್ರತಿ ಸಲವೂ ಇದನ್ನು ತಪ್ಪಿಸಲಿಲ್ಲ.

ಸೆಲೋಟೇಪಿನ ಕಥೆ ಬೇರೆ. ಮೇಲಿನ ಹಾಳೆ ಯಾವಾಗಲೋ ಉದುರಿ ಹೋಗಿತ್ತು. ಉಳಿದಿದ್ದು ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಬಣ್ಣದ, ಗಾಜಿನಂಥ ಪದರ. ಬಿಸಿನೀರಿಗೆ ಜಗ್ಗಲಿಲ್ಲ. ಇದು ಯಾಕೆ ಅಂತ ಕೊಂಚ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದ ಮೇಲೇ ನನ್ನ ಕೆಲಸದ ರೀತಿ ಬದಲಾದದ್ದು.

ಹಳೇ ಟೇಪುಗಳ ಅಂಟು ಬಹುಮಟ್ಟಿಗೆ ರಬ್ಬರಿನದು. ಗಾಳಿ, ಬಿಸಿಲು ತಾಗಿ ವರ್ಷಗಳು ಕಳೆದ ಹಾಗೆ ಅದು ಮೊದಲು ಜಿಡ್ಡಾಗುತ್ತದೆ, ಆಮೇಲೆ ಹಳದಿಯಾಗುತ್ತದೆ, ಕೊನೆಗೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹೊಸ ಅಂಟು ಸೀಮೆಎಣ್ಣೆಯಲ್ಲಿ ಕರಗಿ ಹೋಗುತ್ತದೆ. ಹೀಗೆ ಹೆಣೆದುಕೊಂಡಿರುವ ಹಳೇ ಅಂಟು ಕರಗುವುದೇ ಇಲ್ಲ, ನೆನೆಸಿದ ಕಡಲೆಯ ಹಾಗೆ ಉಬ್ಬುತ್ತದೆ. ಉಬ್ಬಿದಾಗ ಅದರ ಹಿಡಿತ ಸಡಿಲವಾಗುತ್ತದೆ, ಆಗ ಎತ್ತಿ ತೆಗೆಯಬೇಕು. ಕಡಲೆ ನೆನೆಯುವುದಕ್ಕೆ ಹೊತ್ತು ಬೇಕು ಅಲ್ವಾ, ಇದಕ್ಕೂ ಹಾಗೇ. ನಾವು ಒಂದು ನಿಮಿಷ ಒರೆಸಿ ನೋಡಿ, ಹೋಗಲಿಲ್ಲ ಅಂತ ಇನ್ನೂ ಖಾರವಾದ ದ್ರವಕ್ಕೆ ಕೈ ಹಾಕುತ್ತೇವೆ. ಹಾಳಾಗುವುದು ಅಲ್ಲೇ.

ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ. ಪೇಂಟ್ ಅಂಗಡಿಯಲ್ಲಿ ಟರ್ಪೆಂಟೈನ್ ಕೇಳಿದರೆ ಕೊಡುವುದು ಬಹುಪಾಲು ಮಿನರಲ್ ಟರ್ಪೆಂಟೈನ್, ಅದು ಗುಣದಲ್ಲಿ ಸೀಮೆಎಣ್ಣೆಯ ನೆಂಟ. ಅರ್ಧ ಲೀಟರ್ ತಂದೆ. ದೇವರಾಜ ಮಾರ್ಕೆಟ್ ಹತ್ತಿರದ ಗ್ರಂದಿಗೆ ಅಂಗಡಿಯಲ್ಲಿ ಒಂದು ಬಾಟಲಿ ನೀಲಗಿರಿ ಎಣ್ಣೆ ತಗೊಂಡೆ. ನೆಗಡಿಗೆ ಹಚ್ಚುವ ಈ ಎಣ್ಣೆ ಅಂಟು ಬಿಡಿಸುವುದರಲ್ಲಿ ಟರ್ಪೆಂಟೈನಿಗಿಂತ ಒಂದು ಕೈ ಮೇಲು. ಆದರೆ ಬಣ್ಣದ ಮೇಲೆ ಎಷ್ಟು ಹೊತ್ತು ಬೇಕಾದರೂ ಬಿಡಬಹುದು ಅಂತೇನಿಲ್ಲ. ಅಡುಗೆಮನೆಯ ಕೊಬ್ಬರಿ ಎಣ್ಣೆ ಎಲ್ಲಕ್ಕಿಂತ ಸಾಧು. ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಶೀಶೆ ಮನೆಯಲ್ಲಿತ್ತು.

ಆಲ್ಕೋಹಾಲ್, ಅಂದರೆ ಸ್ಪಿರಿಟ್ ಬಗ್ಗೆ ಒಂದು ಮಾತು. ಮರದ ಹಳೇ ಮೇಜು ಕುರ್ಚಿಗೆ ಹಾಕುವ ಪಾಲಿಷ್ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡುವಂಥದ್ದು.  ಸ್ಪಿರಿಟ್ಟಿನಲ್ಲಿ ಕರಗಿ ಬಂದದ್ದು ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಹಿತ್ತಾಳೆ ಸಾಮಾನಿನ ಮೇಲೂ ಕೆಲವು ಸಲ ಇಂಥ ಲ್ಯಾಕರ್ ಪೊರೆ ಇರುತ್ತದೆ. ಹಾಗಾಗಿ ಹಿತ್ತಾಳೆ ಅಂದ ಮಾತ್ರಕ್ಕೆ ಸ್ಪಿರಿಟ್ ಹಾಕಬೇಡಿ.

ಟ್ಯಾಂಕಿನ ಅಡಿಯಲ್ಲಿ, ಫ್ರೇಮ್ ಮೇಲೆ ಕೂರುವ ಜಾಗದಲ್ಲಿ ಬಣ್ಣ ಇದ್ದರೂ ಹೊರಗೆ ಕಾಣುವುದಿಲ್ಲ. ಅಲ್ಲಿ ನಾಲ್ಕು ಕಡೆ ನಾಲ್ಕು ಹತ್ತಿ ಉಂಡೆ ಇಟ್ಟು, ಒಂದೊಂದಕ್ಕೆ ಒಂದೊಂದು ದ್ರವ ಹಾಕಿ ಅರ್ಧ ಗಂಟೆ ಬಿಟ್ಟೆ. ಕೊಬ್ಬರಿ ಎಣ್ಣೆ ಮತ್ತು ಟರ್ಪೆಂಟೈನ್ ಹಾಕಿದ ಹತ್ತಿ ಬೆಳ್ಳಗೇ ಇತ್ತು. ನೀಲಗಿರಿ ಎಣ್ಣೆಯದ್ದರಲ್ಲಿ ಗುಲಾಬಿ ಬಣ್ಣದ ಛಾಯೆ, ಸೂಕ್ಷ್ಮವಾಗಿ ನೋಡಿದರೆ ಮಾತ್ರ ಕಾಣುವಷ್ಟು. ಆಲ್ಕೋಹಾಲಿನ ಹತ್ತಿ ಸ್ಪಷ್ಟವಾಗಿ ಕೆಂಪಾಗಿತ್ತು. ಅಲ್ಲಿಗೆ ತೀರ್ಮಾನವಾಯಿತು. ಬಣ್ಣಕ್ಕೆ ಟರ್ಪೆಂಟೈನ್ ಮತ್ತು ಕೊಬ್ಬರಿ ಎಣ್ಣೆ, ಕ್ರೋಮ್‌ಗೆ ನೀಲಗಿರಿ ಎಣ್ಣೆ, ಕ್ರೋಮ್ ನಡುಭಾಗಕ್ಕೆ ಮಾತ್ರ ಆಲ್ಕೋಹಾಲ್.

ಬಟ್ಟೆಗೆ ಅಪ್ಪನ ಹಳೇ ಪಂಚೆ ಹರಿದುಕೊಂಡೆ. ಬಣ್ಣದ ಬಟ್ಟೆ ಬಳಸಬೇಡಿ. ಟರ್ಪೆಂಟೈನಿಗೆ ಬಟ್ಟೆಯ ಬಣ್ಣವೇ ಬಿಡಬಹುದು, ಜೊತೆಗೆ ಟ್ಯಾಂಕಿನ ಬಣ್ಣ ಬಂತೋ ಬಟ್ಟೆಯದ್ದೋ ಅಂತ ತಿಳಿಯುವುದಿಲ್ಲ. ಕೈಗೆ ಗ್ಲೌಸ್, ಜಾಗ ಹಿತ್ತಲು, ಹತ್ತಿರದಲ್ಲಿ ದೀಪ ಅಗರಬತ್ತಿ ಯಾವುದೂ ಇಲ್ಲ, ಬಚ್ಚಲ ಒಲೆ ಆರಿದ ಮೇಲೇ ಟರ್ಪೆಂಟೈನ್ ಮುಚ್ಚಳ ತೆಗೆಯುವುದು. ಅಷ್ಟು ಕಟ್ಟುನಿಟ್ಟು ಮಾಡಿಕೊಂಡಿದ್ದೆ.

ಕ್ರೋಮ್ ಮೇಲಿನ ಟೇಪ್ ಪಟ್ಟಿಗಳ ಅಳತೆಗೆ ಪಂಚೆ ಬಟ್ಟೆ ಕತ್ತರಿಸಿ, ನೀಲಗಿರಿ ಎಣ್ಣೆಯಲ್ಲಿ ಅದ್ದಿ ಹಿಂಡಿ, ಪಟ್ಟು ಹಾಕಿದ ಹಾಗೆ ಇಟ್ಟೆ. ಎಣ್ಣೆ ಹಾರಿಹೋಗದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಒಂದು ಗಂಟೆ. ತೆಗೆದು ನೋಡಿದರೆ ಗಾಜಿನಂತಿದ್ದ ಪದರ ಬೆಳ್ಳಗೆ, ಮೆತ್ತಗೆ, ಕೆನೆ ಕಟ್ಟಿದ ಹಾಗೆ ಮುದುಡಿತ್ತು. ಹಳೇ ಎಟಿಎಂ ಕಾರ್ಡಿನ ಅಂಚಿನಲ್ಲಿ ತಳ್ಳಿದೆ. ಸುರುಳಿ ಸುತ್ತಿಕೊಂಡು ಬಂತು! ಆ ಸುರುಳಿ ಏಳುವುದನ್ನು ನೋಡುವಾಗ ಆದ ಖುಷಿ ಈಗಲೂ ನೆನಪಿದೆ. ಕಾರ್ಡ್ ಸವೆದ ಹಾಗೆ ಅಂಚು ಬದಲಾಯಿಸಿಕೊಂಡೆ. ಮೂಲೆಗಳಿಗೆ ಬಿದಿರಿನ ಕಡ್ಡಿ ಚಪ್ಪಟೆ ಕೆತ್ತಿಕೊಂಡಿದ್ದೆ. ಬ್ಲೇಡು, ಸ್ಕ್ರೂಡ್ರೈವರ್ ಎರಡನ್ನೂ ಆ ಮೂರು ವಾರ ಹಿತ್ತಲಿಗೆ ತರಲಿಲ್ಲ.

ಬಣ್ಣದ ಮೇಲಿದ್ದ ಭಾಗಕ್ಕೆ ಟರ್ಪೆಂಟೈನ್ ಪಟ್ಟು. ಇಪ್ಪತ್ತು ನಿಮಿಷ ಇಟ್ಟು, ತೆಗೆದು ನೋಡಿ, ಮತ್ತೆ ಇಪ್ಪತ್ತು ನಿಮಿಷ. ಮೂರು ಸಂಜೆ ಹಿಡಿಯಿತು.

ತಪ್ಪಾದದ್ದು ಚಿನ್ನದ ಗೆರೆಯಲ್ಲಿ. ನಾನು ಅಡಿಯಲ್ಲಿ ಪರೀಕ್ಷೆ ಮಾಡಿದ್ದು ಮರೂನ್ ಬಣ್ಣವನ್ನು. ಗೆರೆ ಅದರ ಮೇಲೆ ಬೇರೆ ಬಣ್ಣದಲ್ಲಿ ಎಳೆದದ್ದು, ಅದನ್ನು ಬೇರೆಯಾಗಿ ಪರೀಕ್ಷಿಸಬೇಕು ಅಂತ ಹೊಳೆಯಲೇ ಇಲ್ಲ. ಎರಡನೇ ಪಟ್ಟು ಎತ್ತಿದಾಗ ಬಿಳೀ ಬಟ್ಟೆಯ ಮೇಲೆ ಸಣ್ಣ ಹೊಳಪು ಕಂಡಿತು, ಚಿಟ್ಟೆಯ ರೆಕ್ಕೆ ಮುಟ್ಟಿದರೆ ಬೆರಳಿಗೆ ಅಂಟುತ್ತದಲ್ಲ, ಹಾಗೆ. ನೋಡಿದರೆ ಬೆರಳಗಲದ ಉದ್ದಕ್ಕೆ ಗೆರೆ ಮಸುಕಾಗಿದೆ. ಎದೆ ಧಸಕ್ಕೆಂದಿತು. ತಕ್ಷಣ ಒಣ ಬಟ್ಟೆ ಒತ್ತಿ ಹೀರಿಸಿದೆ, ಉಜ್ಜಲಿಲ್ಲ. ಉಜ್ಜಿದ್ದರೆ ಅಷ್ಟೂ ಹೋಗುತ್ತಿತ್ತು.

ಸಂಜೆ ದೊಡ್ಡಪ್ಪ ಬಂದಾಗ ತೋರಿಸಿದೆ. ಬೈಯಬಹುದು ಅಂದುಕೊಂಡಿದ್ದೆ. ಅವರು ಬಹಳ ಹೊತ್ತು ಮಸುಕಾದ ಜಾಗ ನೋಡಿ, "ಈ ಗೆರೆ ಕೈಯಲ್ಲಿ ಎಳೀತಿದ್ರು ಕಣಪ್ಪ. ಒಂದೇ ಉಸಿರಿಗೆ" ಅಂದರು. "ದೊಡ್ಡಪ್ಪ, ಇದನ್ನ ಯಾರ ಕೈಲಾದರೂ ತಿದ್ದಿಸೋಣವಾ?" ಅಂತ ಕೇಳಿದೆ. "ಬೇಡ, ಇರಲಿ ಬಿಡು. ತಿದ್ದಿದ್ರೆ ಎದ್ದು ಕಾಣುತ್ತೆ. ಉಳಿದಿದ್ದನ್ನ ಕಾಪಾಡ್ಕೋ" ಅಂದರು.

ಆಮೇಲೆ ಗೆರೆಯ ಹತ್ತಿರ ಬರೀ ಕೊಬ್ಬರಿ ಎಣ್ಣೆ. ಬೆರಳ ತುದಿಯಲ್ಲಿ ಹಚ್ಚಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಅದರ ಮೇಲೆ ಕಡಲೆಹಿಟ್ಟು ಉದುರಿಸಿದರೆ ಎಣ್ಣೆಯನ್ನೂ ಮೆತ್ತಗಾದ ಅಂಟನ್ನೂ ಹೀರಿಕೊಂಡು ಸಣ್ಣ ಸಣ್ಣ ಉಂಡೆಯಾಗುತ್ತದೆ. ಮೆತ್ತನೆ ಬ್ರಷ್ಷಿನಲ್ಲಿ ಗುಡಿಸಿ ತೆಗೆಯುವುದು. ಐದು ರಾತ್ರಿ ಹೀಗೆ ಮಾಡಿದೆ. ಗೆರೆಗೆ ತಾಗಿಕೊಂಡೇ ಇರುವ ಒಂದು ಎಳೆ ಅಂಟು ಇನ್ನೂ ಅಲ್ಲೇ ಇದೆ. ಅದನ್ನು ಹಾಗೇ ಬಿಟ್ಟಿದ್ದೇನೆ.

ಮಂಡಿ ಪ್ಯಾಡಿನ ಹಳದಿ ಗಮ್ ನಾನು ಹೆದರಿದ್ದಷ್ಟು ಕಷ್ಟ ಕೊಡಲಿಲ್ಲ. ಇದು ಆಮೇಲೆ ಬಳಿದದ್ದು, ಇನ್ನೂ ರಬ್ಬರಿನಂತೆಯೇ ಇತ್ತು. ಮತ್ತೆ ಹಂಡೆ ನೀರು ತುಂಬಿ, ಬೆಚ್ಚಗಾದ ಮೇಲೆ ಹೆಬ್ಬೆರಳಿನಲ್ಲಿ ತಿಕ್ಕಿದರೆ ಎಳ್ಳುಂಡೆಯಂತೆ ಉರುಳಿಕೊಂಡು ಬಂತು. ಆ ಉಂಡೆಯನ್ನೇ ಉಳಿದ ಗಮ್ ಮೇಲೆ ಒತ್ತಿ ಎತ್ತುವುದು, ಅಂಟು ಅಂಟನ್ನೇ ಹಿಡಿದು ತರುತ್ತದೆ. ಕೊನೆಯ ತೆಳು ಪದರಕ್ಕೆ ನೀಲಗಿರಿ ಎಣ್ಣೆ.

ಗಮ್ ಹೋದ ಮೇಲೆ ಕಂಡದ್ದು ತುಕ್ಕು. ಪ್ಯಾಡ್ ಕೆಳಗೆ ಮಳೆನೀರು ಸೇರಿಕೊಂಡು ಸಾಸಿವೆ ಗಾತ್ರದ ಚುಕ್ಕಿಗಳು, ಎಣಿಸಿದರೆ ನಲವತ್ತಕ್ಕೂ ಮೇಲೆ. ಊಟ ಕಟ್ಟುವ ಅಲ್ಯುಮಿನಿಯಂ ಹಾಳೆಯನ್ನು ಮುದುಡಿ, ನೀರಲ್ಲಿ ಅದ್ದಿ, ಭಾರ ಹಾಕದೆ ತಿಕ್ಕಿದೆ. ಅಲ್ಯುಮಿನಿಯಂ ಕ್ರೋಮ್‌ಗಿಂತ ಮೆತ್ತನೆಯ ಲೋಹ, ಕ್ರೋಮನ್ನು ಗೀರುವುದಿಲ್ಲ, ಮೇಲಿನ ತುಕ್ಕನ್ನು ಮಾತ್ರ ಎತ್ತುತ್ತದೆ. ಕಂದು ಬಣ್ಣ ಹೋಯಿತು, ಕಪ್ಪು ಚುಕ್ಕಿ ಉಳಿಯಿತು. ಅಲ್ಲಿ ಕ್ರೋಮ್ ಇಲ್ಲ, ನಿಕ್ಕಲ್ ಸಹ ಇಲ್ಲ, ಕೆಳಗಿನ ಕಬ್ಬಿಣ. ಒರೆಸಿ ಒಣಗಿಸಿ ಮೇಣ ಹಚ್ಚಿದೆ. ಪ್ಯಾಡ್ ಕೂತರೆ ಅದು ಕಾಣುವುದೂ ಇಲ್ಲ.

ಅಂಟು ಪೂರ್ತಿ ಹೋಯಿತೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ. ಒಳ್ಳೆ ದಾರಿ ಅಂದರೆ ಉಸಿರು. ಕನ್ನಡಕ ಒರೆಸುವಾಗ ಹಾ ಅಂತ ಊದುತ್ತೇವಲ್ಲ, ಹಾಗೇ ಕ್ರೋಮ್ ಮೇಲೆ ಊದಿ ಓರೆಯಾಗಿ ನೋಡಬೇಕು. ಶುದ್ಧವಾಗಿರುವ ಕಡೆ ಮಂಜು ಸಮವಾಗಿ ಹಬ್ಬಿ ಒಂದೇ ಹದಕ್ಕೆ ಆರುತ್ತದೆ. ಅಂಟಿನ ಪಸೆ ಉಳಿದ ಕಡೆ ಮಂಜು ಬೇರೆ ತರಹ ಕೂರುತ್ತದೆ. ಹೋಯಿತು ಅಂದುಕೊಂಡಿದ್ದ ನಾಲ್ಕು ಟೇಪ್ ಪಟ್ಟಿಗಳೂ ಮೊದಲ ಸಲ ಊದಿದಾಗ ಅಂಚು ಸಮೇತ ಎದ್ದು ಕಂಡವು. ಹತ್ತಿಗೆ ಒಂದೆರಡು ಹನಿ ಆಲ್ಕೋಹಾಲ್ ಹಾಕಿ, ಬಣ್ಣದಿಂದ ನಾಲ್ಕು ಬೆರಳು ದೂರ ಬಿಟ್ಟು, ಹೊರಗಿನಿಂದ ನಡುವಿಗೆ ಒರೆಸಿದೆ. ಬಟ್ಟೆಯ ಒಂದು ಮುಖ ಒಂದು ಸಲಕ್ಕೆ ಮಾತ್ರ. ಅದೇ ಮುಖದಲ್ಲಿ ಮತ್ತೆ ಒರೆಸಿದರೆ ತೆಗೆದ ಅಂಟನ್ನೇ ವಾಪಸ್ ಹಚ್ಚಿದ ಹಾಗೆ.

ಗಣೇಶನನ್ನು ಬಿಡಿಸಲು ದ್ರವ ಏನೂ ಬೇಕಾಗಲಿಲ್ಲ. ಗಾಳಕ್ಕೆ ಕಟ್ಟುವ ತಂಗೂಸಿ ದಾರವನ್ನು ಎರಡೂ ಕೈಯ ಬೆರಳಿಗೆ ಸುತ್ತಿಕೊಂಡು, ಸ್ಪಂಜಿನ ನಡುವೆ ಗರಗಸದ ಹಾಗೆ ಆಚೆ ಈಚೆ ಎಳೆದರೆ ಕೊಯ್ದುಕೊಂಡು ಹೋಗುತ್ತದೆ. ದಾರ ಬಣ್ಣಕ್ಕೆ ತಾಗದ ಹಾಗೆ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯಬೇಕು. ಉಳಿದ ಸ್ಪಂಜಿಗೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಶಾಖ, ಆಮೇಲೆ ಬೆರಳು. ಗಣೇಶನ ತಳದಲ್ಲಿ ಲ್ಯಾಕರ್ ಪೊರೆ ಇರಲಿಲ್ಲ, ಬರೀ ಹಿತ್ತಾಳೆ. ಅಂಟು ಹೋದ ಮೇಲೆ ಅಮ್ಮ ತಗೊಂಡು ಹೋಗಿ ಹುಣಸೆಹಣ್ಣು ಹಾಕಿ ತೊಳೆದು ತಂದರು.

ಎಂಜಿನ್ ಕವರಿನ ಚೀಟಿಗೆ ಬೆಚ್ಚನೆ ಸೋಪಿನ ನೀರೇ ಸಾಕಾಯಿತು, ಕಾಗದ ನೆಂದು ಬಂದಮೇಲೆ ಒಂದು ಹನಿ ಟರ್ಪೆಂಟೈನ್.

ಮೂರನೇ ವಾರ ಟ್ಯಾಂಕನ್ನು ಮೆತ್ತನೆ ಸೋಪಿನ ನೀರಲ್ಲಿ ತೊಳೆದು ಎಣ್ಣೆ ಜಿಡ್ಡು ತೆಗೆದೆ. ಬೆಳಕಿಗೆ ಹಿಡಿದರೆ ಬಾವುಟ ಇದ್ದ ಜಾಗದಲ್ಲಿ ಇನ್ನೂ ಆಯತಾಕಾರ ಕಾಣುತ್ತಿತ್ತು. ಅಂಟು ಉಳಿದಿದೆ ಅಂದುಕೊಂಡು ಮತ್ತೆ ಟರ್ಪೆಂಟೈನ್ ತಗೊಂಡೆ. ಬೆರಳು ಆಡಿಸಿದರೆ ಎಲ್ಲೂ ತಡೆಯಲಿಲ್ಲ. ಊದಿ ನೋಡಿದೆ, ಮಂಜು ಸಮವಾಗಿ ಕೂತಿತು. ಆಗ ಅರ್ಥವಾಯಿತು. ಅದು ಅಂಟಿನ ಗುರುತಲ್ಲ. ಸುತ್ತಲಿನ ಬಣ್ಣ ಇಷ್ಟು ವರ್ಷದ ಬಿಸಿಲಿಗೆ ಪೇಲವವಾಗಿದೆ, ಸ್ಟಿಕ್ಕರ್ ಕೆಳಗಿನ ಬಣ್ಣ ಬಿಸಿಲೇ ಕಂಡಿಲ್ಲ. ಗಾಡಿ ತಂದ ದಿನ ಟ್ಯಾಂಕ್ ಎಷ್ಟು ಗಾಢವಾಗಿತ್ತೋ ಅಷ್ಟೇ ಗಾಢವಾಗಿ, ಬಲಿತ ಬೀಟ್‌ರೂಟ್ ಕೊಯ್ದ ಬಣ್ಣದಲ್ಲಿ, ಅಂಗೈ ಅಗಲದ ಒಂದು ತುಂಡು ಅಲ್ಲಿ ಉಳಿದುಕೊಂಡಿತ್ತು.

ರಬ್ಬಿಂಗ್ ಕಾಂಪೌಂಡ್ ಹಾಕಿ ಸುತ್ತಲೂ ಉಜ್ಜಿದರೆ ವ್ಯತ್ಯಾಸ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಕಾಂಪೌಂಡ್ ಅಂದರೆ ಬಣ್ಣವನ್ನೇ ಒಂದು ಪದರ ತೆಗೆಯುವುದು. ಟ್ಯಾಂಕಿನ ಏಣುಗಳಲ್ಲಿ ಬಣ್ಣ ಆಗಲೇ ತೆಳ್ಳಗಿದೆ. ನಾನು ಡಬ್ಬ ತೆರೆಯಲೇ ಇಲ್ಲ. ಕಾರಿಗೆ ಹಾಕುವ ಮೇಣವನ್ನು, ಉಜ್ಜುವ ಪುಡಿ ಇಲ್ಲದ್ದನ್ನು, ತೆಳ್ಳಗೆ ಹಚ್ಚಿ ಪಂಚೆ ಬಟ್ಟೆಯಲ್ಲಿ ಒರೆಸಿದೆ. ದೊಡ್ಡಪ್ಪ ಆ ಗಾಢ ಬಣ್ಣದ ತುಂಡಿನ ಮೇಲೆ ಅಂಗೈ ಇಟ್ಟು, "ಇದೇ ನೋಡು ಬಣ್ಣ. ಕಾರ್ಖಾನೆ ಬಾಗಿಲಿಂದ ಹೀಗೇ ಬರ್ತಿತ್ತು" ಅಂದರು. ಮತ್ತೇನೂ ಮಾತಾಡದೆ ಸುಮ್ನೆ ನಿಂತಿದ್ದರು.

ಟ್ಯಾಂಕ್ ಕೂರಿಸಿದೆವು. ಪ್ಯಾಡ್‌ಗಳನ್ನು ಈ ಸಲ ಗಮ್ ಹಾಕದೆ, ಕ್ರೋಮ್ ಮೇಲೆ ಮೇಣ ಹಚ್ಚಿ, ಹಾಗೇ ಒತ್ತಿ ಕೂರಿಸಿದ್ದೇನೆ. ಇಲ್ಲಿಯವರೆಗೆ ನಿಂತಿವೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಒರೆಸಬೇಕು.

ಆಯುಧಪೂಜೆ ದಿನ ಬೆಳಿಗ್ಗೆ ಗಾಡಿ ತೊಳೆದು ಅಂಗಳಕ್ಕೆ ತಂದು ನಿಲ್ಲಿಸಿದೆ. ಟ್ಯಾಂಕಿನ ಮೇಲೆ ನೇರವಾಗಿ ಅರಿಶಿನ ಕುಂಕುಮ ಇಡದೆ, ವೀಳ್ಯದೆಲೆ ಇಟ್ಟು ಅದರ ಮೇಲೆ ಇಟ್ಟೆವು. ಗಣೇಶ ಮುಂದೆ ಮಣೆಯ ಮೇಲೆ ಕೂತ. ಹಾರ ನಿಲ್ಲಿಸುವ ಹೊತ್ತಿಗೆ ಅಮ್ಮ ಅಭ್ಯಾಸದಂತೆ ಮೇಜಿನ ಖಾನೆಯಿಂದ ಸೆಲೋಟೇಪ್ ತಂದರು. ದೊಡ್ಡಪ್ಪ ಅದನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡು, ಹಿತ್ತಲಿಂದ ಬಾಳೆನಾರು ಸೀಳಿ ತಂದು, ಹಾರವನ್ನು ಹ್ಯಾಂಡಲ್‌ಗೆ ಕಟ್ಟಿದರು.